ತಗ್ಗಿಸಿದ ಕಾರಿಗೆ ಕಾಯಿಲೋವರ್ ಆರಿಸುವ ಮುಂಚೆ ಸ್ಕೇಲು ಹಿಡಿಯಿರಿ

ನಾಲ್ಕು ವರ್ಷದ ಹಿಂದೆ ನಾನು ನ್ಯೂಜೆರ್ಸಿಯಲ್ಲಿ ಒಂದು ಹಳೇ ಮಾಜ್ದಾ ಮಿಯಾಟಾ ಕೊಂಡೆ. 2001ರ ಮಾಡೆಲ್, ಎರಡೇ ಸೀಟು, ಮೇಲಿನ ಹೊದಿಕೆ ಮಡಚಿ ಓಡಿಸುವ ಕಾರು. ಹಿಂದಿನ ಮಾಲೀಕರು ಕಾಯಿಲೋವರ್ (ಶಾಕ್, ಸ್ಪ್ರಿಂಗ್ ಒಂದರಲ್ಲೇ ಇರುವ, ಎತ್ತರ ಬದಲಿಸಬಹುದಾದ ಕಿಟ್) ಹಾಕಿಸಿ ಚೆನ್ನಾಗಿ ತಗ್ಗಿಸಿದ್ದರು. ಟೈರಿಗೂ ಅದರ ಮೇಲಿನ ಬಾಡಿಯ ಕಮಾನಿಗೂ, ಅಂದರೆ ಫೆಂಡರಿಗೂ ನಡುವೆ ಒಂದು ಬೆರಳು ತೂರಿಸುವುದೂ ಕಷ್ಟ. ನಿಂತಾಗ ನೋಡಲು ಬಹಳ ಚಂದ. ಓಡಿಸಿದರೆ ಮಾತ್ರ ಸಣ್ಣ ಗುಂಡಿಗೂ ದಬ್ ಅಂತ ಬೆನ್ನಿಗೆ ಬಡಿಯುತ್ತಿತ್ತು. ತಿರುವಿನ ನಡುವೆ ರಸ್ತೆ ಸ್ವಲ್ಪ ಉಬ್ಬಿದ್ದರೂ ಮುಂದಿನ ಚಕ್ರ ಹಿಡಿತ ಬಿಟ್ಟು ಪಕ್ಕಕ್ಕೆ ಜಾರುತ್ತಿತ್ತು.

ಶಾಕ್ ಅಬ್ಸಾರ್ಬರ್ ತುಂಬಾ ಗಟ್ಟಿ ಇರಬೇಕು ಅಂದುಕೊಂಡೆ. ಮೇಲಿನ ನಾಬ್ ತಿರುಗಿಸಿ ಪೂರ್ತಿ ಮೆತ್ತಗೆ ಮಾಡಿದೆ. ಏನೂ ಬದಲಾಗಲಿಲ್ಲ. ಒಂದು ಭಾನುವಾರ ಕಾರನ್ನು ನೆಲದ ಮೇಲೆ ನಿಲ್ಲಿಸಿ, ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು ಚಕ್ರದ ಹಿಂದೆ ನೋಡಿದೆ. ಶಾಕ್‌ನ ಧೂಳಿನ ಕವರನ್ನು ಮೇಲಕ್ಕೆ ಸರಿಸಿದಾಗ ಹೊಳೆಯುವ ರಾಡು ಕಂಡಿತು. ಶಾಕ್‌ನ ಬಾಡಿಗೂ ಮೇಲಿರುವ ಬಂಪ್ ಸ್ಟಾಪಿಗೂ ನಡುವೆ ಸ್ಟೀಲ್ ಸ್ಕೇಲ್ ಇಟ್ಟೆ. ಬರೀ 12 ಮಿಲಿಮೀಟರ್.

ಬಂಪ್ ಸ್ಟಾಪ್ ಅಂದರೆ ರಾಡಿಗೆ ಹಾಕಿರುವ, ಒತ್ತಿದರೆ ಕುಗ್ಗುವ ತುಂಡು. ಚಕ್ರ ತೀರಾ ಮೇಲೆ ಬಂದಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವುದು ಅದರ ಕೆಲಸ. ನನ್ನ ಕಾರಿನಲ್ಲಿ ಚಕ್ರ ಒಂದು ಬೆರಳಷ್ಟು ಮೇಲೆದ್ದರೆ ಸಾಕು, ಅದರ ಮೇಲೇ ಕೂರುತ್ತಿತ್ತು. ನಾನು ಇಷ್ಟು ದಿನ ಓಡಿಸುತ್ತಿದ್ದದ್ದು ಸ್ಪ್ರಿಂಗಿನ ಮೇಲಲ್ಲ, ಆ ತುಂಡಿನ ಮೇಲೆ.

ಅದಕ್ಕೇ ನನ್ನ ಮಾತು ಇಷ್ಟು: ಕಾಯಿಲೋವರ್ ಆರಿಸುವಾಗ ಕಾರು ಎಷ್ಟು ಕೆಳಗಿಳಿಯುತ್ತದೆ ಅಂತ ಮೊದಲು ಕೇಳಬೇಡಿ. ಇಳಿದ ಮೇಲೆ ಚಕ್ರ ಮೇಲೆ ಓಡಾಡಲು ಎಷ್ಟು ಜಾಗ ಉಳಿಯುತ್ತದೆ ಅಂತ ಕೇಳಿ. ಕಾರಿನ ಜನ ಇದನ್ನು ಟ್ರಾವೆಲ್ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ.

ಹೆಜ್ಜೆ 1: ನಿಮ್ಮ ಕಾರಿನಲ್ಲಿ ಏನಿದೆ ಅಂತ ತಿಳಿಯಿರಿ

ಸ್ಪ್ರಿಂಗಿನ ಸುರುಳಿ ಶಾಕ್ ಅನ್ನು ಸುತ್ತಿಕೊಂಡು ಎರಡೂ ಒಂದೇ ಘಟಕವಾಗಿದ್ದರೆ ಅದು ಕಾಯಿಲೋವರ್. ಮಿಯಾಟಾದಲ್ಲಿ ಕಂಪನಿಯಿಂದಲೇ ನಾಲ್ಕೂ ಕಡೆ ಹೀಗೇ ಬರುತ್ತದೆ. ಹೊರಗಿನಿಂದ ಕೊಳ್ಳುವ ಕಿಟ್‌ನಲ್ಲಿ ಹೊಸದೇನೆಂದರೆ ಶಾಕ್‌ನ ಬಾಡಿಗೆ ಥ್ರೆಡ್ ಇರುತ್ತದೆ. ಸ್ಪ್ರಿಂಗ್ ಕೂರುವ ತಟ್ಟೆಯನ್ನು ಆ ಥ್ರೆಡ್ ಮೇಲೆ ತಿರುಗಿಸಿ ಎತ್ತರ ಬದಲಿಸಬಹುದು.

ಎಲ್ಲ ಕಾರೂ ಹೀಗಿಲ್ಲ. ಮೈಸೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಇಟ್ಟಿದ್ದಾನೆ. ಹೋದ ವರ್ಷ ಫೋನ್ ಮಾಡಿ, "ಅಣ್ಣಾ, ಕಾಯಿಲೋವರ್ ಕಿಟ್ ತರಿಸಿದೆ, ಹಿಂದಿನದ್ದು ಎರಡು ಶಾಕು, ಎರಡು ಸ್ಪ್ರಿಂಗು ಬೇರೆ ಬೇರೆ ಬಂದಿದೆ. ಮೋಸ ಆಯ್ತಾ?" ಅಂತ ಕೇಳಿದ. ಮೋಸವೇನಿಲ್ಲ. ಆ ಕಾರಿನ ಮುಂದೆ ಸ್ಟ್ರಟ್ (ಚಕ್ರವನ್ನೂ ನೇರ ಹಿಡಿದಿಡುವ ಶಾಕ್, ಅದರ ಸುತ್ತಲೇ ಸ್ಪ್ರಿಂಗ್) ಇದೆ, ಹಿಂದೆ ಸ್ಪ್ರಿಂಗೇ ಒಂದು ಕಡೆ, ಶಾಕೇ ಇನ್ನೊಂದು ಕಡೆ. ಕಿಟ್ ಕೂಡ ಹಾಗೇ ಬರುತ್ತದೆ. ಎತ್ತರ ಬದಲಿಸುವ ತಟ್ಟೆ ಸ್ಪ್ರಿಂಗಿನ ಜೊತೆಗಿರುತ್ತದೆ. ಹಿಂದೆಯೂ ಶಾಕ್ ಮೇಲೇ ಸ್ಪ್ರಿಂಗ್ ಕೂರಿಸುವ ಕಿಟ್‌ಗಳೂ ಕೆಲವಿವೆ. ಆದರೆ ಬರೀ ಶಾಕ್ ಹಿಡಿಯಲು ಮಾಡಿದ ಜಾಗಕ್ಕೆ ಕಾರಿನ ಭಾರವನ್ನೆಲ್ಲ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

ಸ್ಟ್ರಟ್ ಇರುವ ಕಾರಿನಲ್ಲಿ ಇನ್ನೊಂದು ವಿಷಯ. ಅಲ್ಲಿ ತೀರಾ ತಗ್ಗಿಸಿದರೆ, ಚಕ್ರವನ್ನು ಕಾರಿಗೆ ಜೋಡಿಸುವ ಕೆಳಗಿನ ಆರ್ಮ್‌ನ ಚಕ್ರದ ಕಡೆಯ ತುದಿ ಮೇಲಕ್ಕೇಳುತ್ತದೆ. ಆಗ ರೋಲ್ ಸೆಂಟರ್, ಅಂದರೆ ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಕಾರಿನ ಬಾಡಿಗಿಂತ ಜಾಸ್ತಿ ಕೆಳಗೆ ಹೋಗುತ್ತದೆ. ಅಂದರೆ ಕಾರು ನೆಲಕ್ಕೆ ಹತ್ತಿರ ಇದ್ದರೂ ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ವಾಲಲು ನೋಡುತ್ತದೆ. ತಗ್ಗಿಸಿದಷ್ಟೂ ಹ್ಯಾಂಡ್ಲಿಂಗ್ ಚೆನ್ನಾಗುತ್ತದೆ ಅನ್ನುವುದು ತಪ್ಪು.

ಹೆಜ್ಜೆ 2: ಈಗಿನ ಅಳತೆ ಬರೆದಿಟ್ಟುಕೊಳ್ಳಿ

ನೆಲದಿಂದ ಫೆಂಡರಿಗೆ ಅಳೆಯಬೇಡಿ. ಟೈರಿನ ಸೈಜು, ಗಾಳಿ ಬದಲಾದರೆ ಆ ಲೆಕ್ಕ ಕೆಡುತ್ತದೆ. ಚಕ್ರದ ನಡು ಬಿಂದುವಿನಿಂದ ನೇರ ಮೇಲೆ ಫೆಂಡರಿನ ಅಂಚಿಗೆ ಅಳೆಯಿರಿ. ನಾಲ್ಕೂ ಕಡೆ.

ಆಮೇಲೆ ಮೇಲೆ ಹೇಳಿದ ಹಾಗೆ ರಾಡು ಎಷ್ಟು ಕಾಣುತ್ತದೆ ಅಂತ ಅಳೆಯಿರಿ. ಒಂದು ತೆಳು ಕೇಬಲ್ ಟೈ ತಂದು ರಾಡಿಗೆ ಬಿಗಿಯಾಗಿ ಕಟ್ಟಿ, ಶಾಕ್‌ನ ಬಾಡಿಗೆ ತಾಗುವವರೆಗೆ ಕೆಳಗೆ ತಳ್ಳಿ. ಬಾಲ ಕತ್ತರಿಸಿ. ದಿನಾ ಹೋಗುವ ರಸ್ತೆಯಲ್ಲೇ ಒಂದು ಸುತ್ತು ಹೋಗಿ ಬಂದು ನೋಡಿ. ಶಾಕ್ ಎಷ್ಟು ಕುಗ್ಗಿತೋ ಅಷ್ಟು ಮೇಲಕ್ಕೆ ಆ ಟೈ ಸರಿದಿರುತ್ತದೆ. ಬಂಪ್ ಸ್ಟಾಪಿಗೆ ಒತ್ತಿಕೊಂಡು ನಿಂತಿದ್ದರೆ ನಿಮ್ಮ ಟ್ರಾವೆಲ್ ಮುಗಿದಿದೆ ಅಂತ ಅರ್ಥ. ತಲೆಕೆಳಗಾಗಿ ಕೂರಿಸಿದ ಶಾಕ್‌ಗಳಲ್ಲಿ ಬಂಪ್ ಸ್ಟಾಪ್ ಒಳಗಿರುತ್ತದೆ, ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಶಾಕ್‌ನಲ್ಲಿ ಕಂಡ ಅಳತೆಯೇ ಚಕ್ರದ ಅಳತೆ ಅಲ್ಲ. ಮಿಯಾಟಾದ ಮುಂದೆ ಶಾಕ್ ಕೆಳಗಿನ ಆರ್ಮ್‌ನ ನಡುವೆ ಎಲ್ಲೋ ಕೂರುತ್ತದೆ. ಚಕ್ರ 3 ಮಿ.ಮೀ. ಎದ್ದರೆ ಶಾಕ್ ಹತ್ತಿರ ಹತ್ತಿರ 2 ಮಿ.ಮೀ. ಕುಗ್ಗುತ್ತದೆ. ಈ ಅನುಪಾತಕ್ಕೆ ಮೋಷನ್ ರೇಶಿಯೋ ಅನ್ನುತ್ತಾರೆ. ನನ್ನ 12 ಮಿ.ಮೀ. ಅಂದರೆ ಚಕ್ರದ ಲೆಕ್ಕದಲ್ಲಿ 18 ಮಿ.ಮೀ. ಅಷ್ಟೇ. ರಸ್ತೆಯಲ್ಲಿ ಓಡಿಸುವ ಕಾರಿಗೆ ಚಕ್ರ ಕನಿಷ್ಠ 50 ಮಿ.ಮೀ. ಮೇಲೆ ಬರುವ ಜಾಗ ಇರಬೇಕು ಅಂತ ನಾನು ಇಟ್ಟುಕೊಂಡಿದ್ದೇನೆ. ಅದಕ್ಕಿಂತ ಕಡಿಮೆಯಾದರೆ ಎಷ್ಟೇ ದುಬಾರಿ ಶಾಕ್ ಹಾಕಿದರೂ ಅದಕ್ಕೆ ಕೆಲಸ ಮಾಡಲು ಜಾಗವೇ ಇರುವುದಿಲ್ಲ.

ಹೆಜ್ಜೆ 3: ಕಾರು ಎಲ್ಲಿ ಓಡುತ್ತದೆ?

ಇದಕ್ಕೆ ನಿಜವಾದ ಉತ್ತರ ಕೊಡಿ. ವರ್ಷಕ್ಕೆ ಎರಡು ಸಲ ಟ್ರ್ಯಾಕಿಗೆ ಹೋಗಿ, ಉಳಿದ ದಿನವೆಲ್ಲ ಆಫೀಸಿಗೆ ಓಡಿಸುವವರು ಆಫೀಸಿನ ದಾರಿಗೆ ತಕ್ಕಂತೆ ಕೊಳ್ಳಬೇಕು. ಹೆಂಡತಿ ಪಕ್ಕದಲ್ಲಿ ಕೂತು ಮೂರು ಗಂಟೆ ಪ್ರಯಾಣ ಮಾಡುತ್ತಾರೆ ಅಂದರೆ ಅದೂ ಲೆಕ್ಕಕ್ಕೆ ಬರಬೇಕು, ಅಲ್ವಾ?

ಹೆಜ್ಜೆ 4: ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು

ಜನ ಹೆಚ್ಚು ಎಡವುವುದು ಇಲ್ಲೇ. ಜಪಾನಿನ ಕಿಟ್‌ಗಳಲ್ಲಿ "8 ಕೆಜಿ ಸ್ಪ್ರಿಂಗ್" ಅಂತ ಬರೆದಿರುತ್ತಾರೆ. ಒಂದು ಮಿಲಿಮೀಟರ್ ಕುಗ್ಗಿಸಲು 8 ಕೆಜಿ ಭಾರ ಬೇಕು ಅಂತ ಅರ್ಥ. ಅಮೆರಿಕದಲ್ಲಿ ಇಂಚಿಗೆ ಎಷ್ಟು ಪೌಂಡ್ ಅಂತ ಬರೆಯುತ್ತಾರೆ. ಮಿಲಿಮೀಟರಿಗೆ 1 ಕೆಜಿ ಅಂದರೆ ಇಂಚಿಗೆ 56 ಪೌಂಡ್. ಹಾಗಾಗಿ 8 ಕೆಜಿ ಸ್ಪ್ರಿಂಗ್ ಇಲ್ಲಿ 448 ಪೌಂಡಿನ ಸ್ಪ್ರಿಂಗ್ ಆಗುತ್ತದೆ. ಕೊಳ್ಳುವಾಗ 450 ಅಂತ ಕೇಳಿದರೆ ಸಾಕು.

ಗೆಳೆಯನ ಕಾರಿನಲ್ಲಿ 8 ಕೆಜಿ ಚೆನ್ನಾಗಿದೆ ಅಂತ ನಿಮ್ಮ ಕಾರಿಗೂ ಅದೇ ಹಾಕಬೇಡಿ. ಚಕ್ರಕ್ಕೆ ಎಷ್ಟು ಗಟ್ಟಿತನ ಸಿಗುತ್ತದೆ ಅಂತ ತಿಳಿಯಲು ಸ್ಪ್ರಿಂಗಿನ ಅಂಕಿಯನ್ನು ಮೋಷನ್ ರೇಶಿಯೋದಿಂದ ಎರಡು ಸಲ ಗುಣಿಸಬೇಕು. ಒಮ್ಮೆ ಬಲಕ್ಕೆ, ಒಮ್ಮೆ ದೂರಕ್ಕೆ. ಮಿಯಾಟಾದ ಮುಂದೆ 8ನ್ನು 0.66ರಿಂದ ಎರಡು ಸಲ ಗುಣಿಸಿದರೆ ಸುಮಾರು 3.5 ಬರುತ್ತದೆ. ಸ್ಟ್ರಟ್ ಕಾರಿನಲ್ಲಿ ಆ ಅನುಪಾತ 1ರ ಹತ್ತಿರ ಇರುತ್ತದೆ. 0.94 ಅಂತ ಹಿಡಿದರೆ ಸುಮಾರು 7. ಅದೇ ಸ್ಪ್ರಿಂಗ್, ಚಕ್ರದಲ್ಲಿ ಎರಡು ಪಟ್ಟು ಗಟ್ಟಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ನನ್ನ ಕಾರು, ನಾನು ಸೇರಿ ಸುಮಾರು 1,125 ಕೆಜಿ. ಒಂದು ಮೂಲೆಗೆ 280. ಅದರಲ್ಲಿ ಚಕ್ರ, ಬ್ರೇಕಿನ ತೂಕ 30 ಕಳೆದರೆ ಸ್ಪ್ರಿಂಗ್ ಹೊರುವುದು 250. ಚಕ್ರದಲ್ಲಿ 3.5 ಕೆಜಿ ಗಟ್ಟಿತನ ಇದ್ದರೆ ಕಾರಿನ ಬಾಡಿ ಸೆಕೆಂಡಿಗೆ ಸುಮಾರು 1.9 ಸಲ ಮೇಲೆ ಕೆಳಗೆ ಆಡುತ್ತದೆ. ಕಂಪನಿಯಿಂದ ಬರುವ ಮೆತ್ತನೆ ಕಾರುಗಳು 1ರಿಂದ 1.5ರ ನಡುವೆ ಇರುತ್ತವೆ. 1.5ರಿಂದ 2ರವರೆಗೆ ಚುರುಕಾದ ರಸ್ತೆ ಕಾರು. 2 ದಾಟಿದರೆ ಟ್ರ್ಯಾಕಿನ ಕಡೆಗೆ ಹೋದಂತೆ. ನಾನು 8 ಕೆಜಿ ಆರಿಸಿದ್ದು ಈ ಲೆಕ್ಕದಿಂದ. ಇದೇ ತೂಕದ ಸ್ಟ್ರಟ್ ಕಾರಿಗೆ ಇದೇ ಸ್ಪ್ರಿಂಗ್ ಹಾಕಿದ್ದರೆ 2.6 ಆಗುತ್ತಿತ್ತು. ದಿನಾ ಓಡಿಸಲು ಅದು ಬಹಳ ಜಾಸ್ತಿ.

ತಗ್ಗಿಸಿದ ಕಾರಿಗೆ ಮೆತ್ತನೆ ಸ್ಪ್ರಿಂಗ್ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ, ಆರಾಮ ಇರಲಿ ಅಂತ. ಆದರೆ ಟ್ರಾವೆಲ್ ಕಡಿಮೆ ಇರುವಾಗ ಮೆತ್ತನೆ ಸ್ಪ್ರಿಂಗ್ ಬೇಗ ಬಂಪ್ ಸ್ಟಾಪ್ ಮುಟ್ಟುತ್ತದೆ, ಆಗಲೇ ಬೆನ್ನಿಗೆ ಬಡಿಯುವುದು. ನಮ್ಮ ಕಾರಿಗೆ ಮೊದಲಿಗಿಂತ ಗಟ್ಟಿ ಸ್ಪ್ರಿಂಗ್ ಹಾಕಿ, ಸ್ವಲ್ಪ ಎತ್ತರಿಸಿದ ಮೇಲೆ ಅದು ಮೊದಲಿಗಿಂತ ಮೆತ್ತಗೆ ಓಡುತ್ತಿದೆ. ಒಂದು ಸಲ ಅನುಭವಿಸಿದರೆ ಮರೆಯುವುದಿಲ್ಲ.

ಹೆಜ್ಜೆ 5: ಎತ್ತರ ಯಾವ ರೀತಿಯಲ್ಲಿ ಬದಲಾಗುತ್ತದೆ ನೋಡಿ

ಎರಡು ವಿಧ ಇದೆ. ಒಂದರಲ್ಲಿ ಸ್ಪ್ರಿಂಗಿನ ತಟ್ಟೆಯನ್ನು ಮಾತ್ರ ಇಳಿಸುತ್ತೀರಿ. ಕಾರು ಎಷ್ಟು ಇಳಿಯಿತೋ ಅಷ್ಟು ಟ್ರಾವೆಲ್ ಕಳೆದುಕೊಂಡಿರಿ. ಇನ್ನೊಂದರಲ್ಲಿ ಶಾಕ್‌ನ ಕೆಳಗಿನ ಬ್ರಾಕೆಟ್ ಬೇರೆಯಾಗಿ ತಿರುಗುತ್ತದೆ, ಇಡೀ ಶಾಕ್‌ನ ಉದ್ದವೇ ಕಡಿಮೆಯಾಗುತ್ತದೆ. ಆಗ ಶಾಕ್ ಒಳಗಿನ ಟ್ರಾವೆಲ್ ಹಾಗೇ ಉಳಿಯುತ್ತದೆ. ತೀರಾ ತಗ್ಗಿಸುವವರಿಗೆ ಎರಡನೆಯದೇ ಸರಿ. ಆದರೆ ಅದರಲ್ಲೂ ಎಚ್ಚರ ಬೇಕು. ಶಾಕ್‌ಗೆ ಜಾಗ ಇದ್ದರೂ ಟೈರಿಗೆ ಜಾಗ ಇರಬೇಕಲ್ಲ. ಟೈರು ಫೆಂಡರಿಗೆ ತಾಗುವ ಮುಂಚೆ ಬಂಪ್ ಸ್ಟಾಪ್ ಮುಟ್ಟುವಂತೆ ಉದ್ದ ಹೊಂದಿಸಬೇಕು. ಇದನ್ನು ಪರೀಕ್ಷಿಸುವ ದಾರಿ ಒಂದೇ: ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸ್ಪ್ರಿಂಗ್ ಇಲ್ಲದೆ ಬರೀ ಶಾಕ್ ಹಾಕಿ, ಚಕ್ರ ಕಟ್ಟಿ, ಜಾಕ್‌ನಿಂದ ಮೇಲಕ್ಕೆ ಎತ್ತಿ ನೋಡುವುದು. ಅರ್ಧ ದಿನ ಹೋಗುತ್ತದೆ, ಹೋಗಲಿ.

ಪ್ರೀಲೋಡ್, ಅಂದರೆ ಕಾರಿನ ಭಾರ ಬೀಳುವ ಮುಂಚೆಯೇ ತಟ್ಟೆಯಿಂದ ಸ್ಪ್ರಿಂಗನ್ನು ಒತ್ತಿಡುವುದರ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ತಟ್ಟೆ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಗ್ಯಾರೇಜಿನಲ್ಲೂ ಹೇಳುವವರಿದ್ದಾರೆ. ಆಗುವುದಿಲ್ಲ. ಚಕ್ರದ ಲೆಕ್ಕದಲ್ಲಿ 250 ಕೆಜಿ ಇದ್ದದ್ದನ್ನು ಮೋಷನ್ ರೇಶಿಯೋ 0.66ರಿಂದ ಭಾಗಿಸಿದರೆ, ನನ್ನ ಮುಂದಿನ ಸ್ಪ್ರಿಂಗ್ ಮೇಲೆ ಬೀಳುವುದು ಸುಮಾರು 380 ಕೆಜಿ. 8 ಕೆಜಿ ಸ್ಪ್ರಿಂಗ್ ಆ ಭಾರಕ್ಕೆ ಸುಮಾರು 47 ಮಿ.ಮೀ. ಕುಗ್ಗುತ್ತದೆ. ಮೊದಲೇ 5 ಮಿ.ಮೀ. ಬಿಗಿದಿದ್ದರೂ ಕೊನೆಗೆ 47ಕ್ಕೇ ನಿಲ್ಲುತ್ತದೆ, ಕಾರು ಮಾತ್ರ ಸ್ವಲ್ಪ ಮೇಲೆ ನಿಲ್ಲುತ್ತದೆ. ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪುತ್ತದೆಯೇ ಅಂತ ಮಾತ್ರ ನೋಡಿ. ತಪ್ಪುವುದಾದರೆ ಮೇಲೊಂದು ತೆಳುವಾದ ಹೆಲ್ಪರ್ ಸ್ಪ್ರಿಂಗ್ ಬೇಕು.

ಹೆಜ್ಜೆ 6: ಶಾಕ್‌ನ ಒಳಗೆ ಏನಿದೆ

ದುಡ್ಡು ಹೋಗುವುದು ಇಲ್ಲಿಗೆ, ಹೋಗಬೇಕಾದ್ದೂ ಇಲ್ಲಿಗೇ. ಮೋನೋಟ್ಯೂಬ್ ಶಾಕ್‌ನಲ್ಲಿ ಒಂದೇ ಕೊಳವೆ, ಅಗಲವಾದ ಪಿಸ್ಟನ್, ಎಣ್ಣೆ ಮತ್ತು ಗ್ಯಾಸ್ ನಡುವೆ ತೇಲುವ ಇನ್ನೊಂದು ಪಿಸ್ಟನ್. ಬಿಸಿ ಬೇಗ ಹೊರಗೆ ಹೋಗುತ್ತದೆ. ಟ್ವಿನ್ ಟ್ಯೂಬಿನಲ್ಲಿ ಕೊಳವೆಯೊಳಗೆ ಕೊಳವೆ. ಬಿಸಿ ತಡೆಯುವುದರಲ್ಲಿ ಹಿಂದೆ. ಆದರೆ ಅಷ್ಟೇ ಉದ್ದದಲ್ಲಿ ಹೆಚ್ಚು ಟ್ರಾವೆಲ್ ಕೊಡಬಲ್ಲದು, ಕಲ್ಲು ಬಡಿದು ಹೊರಗೆ ತಗ್ಗಾದರೂ ಪಿಸ್ಟನ್ ಸಿಕ್ಕಿಹಾಕಿಕೊಳ್ಳುವುದಿಲ್ಲ. ಹಾಗಾಗಿ ಒಂದು ಮೇಲು ಇನ್ನೊಂದು ಕೀಳು ಅನ್ನುವಂತಿಲ್ಲ.

32 ಕ್ಲಿಕ್, 30 ಕ್ಲಿಕ್ ಅಂತ ಜಾಹೀರಾತು ನೋಡಿ ಮರುಳಾಗಬೇಡಿ. ಕ್ಲಿಕ್‌ಗಳ ಎಣಿಕೆಗೂ ಗುಣಮಟ್ಟಕ್ಕೂ ಸಂಬಂಧ ಇಲ್ಲ. ಆ ನಾಬ್ ಏನನ್ನು ಬದಲಿಸುತ್ತದೆ ಅಂತ ಕೇಳಿ. ಕೆಡಬ್ಲ್ಯೂ ಕಂಪನಿಯವರು ಇದನ್ನು ಸ್ಪಷ್ಟವಾಗಿ ಬೇರೆ ಮಾಡಿದ್ದಾರೆ: ವೇರಿಯಂಟ್ 1ರಲ್ಲಿ ಎತ್ತರ ಮಾತ್ರ, 2ರಲ್ಲಿ ರೀಬೌಂಡ್ (ಶಾಕ್ ಹಿಗ್ಗುವಾಗಿನ ತಡೆ) ಕೂಡ, 3ರಲ್ಲಿ ರೀಬೌಂಡ್ ಮತ್ತು ಕಂಪ್ರೆಷನ್ (ಕುಗ್ಗುವಾಗಿನ ತಡೆ) ಎರಡೂ ಬೇರೆ ಬೇರೆ. ಬಿಲ್‌ಸ್ಟೈನ್ ಬಿ14ರಲ್ಲಿ ಎತ್ತರ ಮಾತ್ರ, ಬಿ16ರಲ್ಲಿ ಡ್ಯಾಂಪಿಂಗ್ (ಶಾಕ್ ಕೊಡುವ ತಡೆ) ಸಹ. ನಾಬ್ ತಿರುಗಿಸಿ ಪ್ರಯೋಗ ಮಾಡುವ ತಾಳ್ಮೆ ಇಲ್ಲದವರಿಗೆ ಕಂಪನಿಯೇ ಸರಿಯಾಗಿ ಹೊಂದಿಸಿ ಕೊಟ್ಟ, ನಾಬೇ ಇಲ್ಲದ ಶಾಕ್ ಎಷ್ಟೋ ವಾಸಿ.

ಮಾರುವವರಿಗೆ ಎರಡು ಪ್ರಶ್ನೆ ಹಾಕಿ. ಒಂದು, ಡೈನೋ ಗ್ರಾಫ್ ಇದೆಯಾ? ಶಾಕ್ ಎಷ್ಟು ವೇಗದಲ್ಲಿ ಆಡಿದರೆ ಎಷ್ಟು ಬಲ ಕೊಡುತ್ತದೆ ಅಂತ ತೋರಿಸುವ ಚಿತ್ರ ಅದು. ನಾಲ್ಕು ಶಾಕ್‌ಗಳ ಗ್ರಾಫ್‌ನಲ್ಲಿ ಎಡಬಲದ ಗೆರೆ ಒಂದರ ಮೇಲೊಂದು ಕೂತರೆ ಅವರು ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆ ಅಂತ ಗೊತ್ತಾಗುತ್ತದೆ. ಎರಡು, ಸೀಲ್ ಹೋದರೆ ರಿಪೇರಿ ಎಲ್ಲಿ? ಬಿಚ್ಚಿ ಸೀಲು, ಎಣ್ಣೆ ಬದಲಿಸುವ ಶಾಕ್‌ಗಳಿವೆ. ಟೈನ್‌ನ ಫ್ಲೆಕ್ಸ್ ಝಡ್ ಥರ ಬಿಚ್ಚಲಾಗದ, ಹಾಳಾದರೆ ಆ ಒಂದನ್ನೇ ಹೊಸದು ಕೊಳ್ಳುವ ಶಾಕ್‌ಗಳೂ ಇವೆ. ಎರಡೂ ನಡೆಯುತ್ತದೆ. ಬಿಡಿ ಭಾಗವೇ ಸಿಗದ ಕಿಟ್ ಮಾತ್ರ ಬೇಡ.

ಜರ್ಮನಿಯ ಕಿಟ್‌ಗಳ ಜೊತೆ ಟಿಯುವಿ (ಅಲ್ಲಿನ ವಾಹನ ತಪಾಸಣಾ ಸಂಸ್ಥೆ) ಪ್ರಮಾಣದ ಕಾಗದ ಬರುತ್ತದೆ. ಇಂಥ ಕಾರನ್ನು ಇಷ್ಟರಿಂದ ಇಷ್ಟು ಮಿಲಿಮೀಟರ್ ತಗ್ಗಿಸಬಹುದು ಅಂತ ಅದರಲ್ಲಿರುತ್ತದೆ. ನೀವು ಜರ್ಮನಿಯಲ್ಲಿ ಇಲ್ಲದಿದ್ದರೂ ಆ ಅಂಕಿಯ ಒಳಗೇ ಇರುವುದು ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ರಾಡಿನ ಮೇಲೆ ಗೀರು, ಎಣ್ಣೆಯ ಜಿಡ್ಡು, ಜಾಮ್ ಆದ ತಟ್ಟೆ ನೋಡಿ. ರಾಡನ್ನು ಒಳಗೆ ಒತ್ತಿ ಬಿಡಿ, ಒಂದೇ ಸಮನೆ ಬರಬೇಕು. ನಡುವೆ ಎಲ್ಲಾದರೂ ಸಡಿಲ ಅನಿಸಿದರೆ ವಾಪಸ್ ಕೊಟ್ಟುಬಿಡಿ.

ಹೆಜ್ಜೆ 7: ಕೊಳ್ಳುವ ಮುಂಚೆ ತುಕ್ಕು ನೋಡಿ

ಮಿಯಾಟಾದಲ್ಲಿ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಹೊಂದಿಸಲು ನಾಲ್ಕೂ ಕಡೆ ಕೆಳಗಿನ ಆರ್ಮ್‌ನಲ್ಲಿ ಕ್ಯಾಮ್ ಬೋಲ್ಟ್‌ಗಳಿವೆ. ಹಾಗಾಗಿ ಬೇರೆ ಕ್ಯಾಂಬರ್ ಪ್ಲೇಟ್ ಬೇಡ. ಆದರೆ ನ್ಯೂಜೆರ್ಸಿಯಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಬೋಲ್ಟು ಆರ್ಮ್ ತುದಿಯ ರಬ್ಬರ್ ಬುಷ್‌ನ ಒಳಗಿನ ಕೊಳವೆಗೆ ಅಂಟಿಕೊಂಡು ಕೂರುತ್ತದೆ. ನನ್ನ ಕಾರಿನ ಹಿಂದಿನ ಎಡ ಬೋಲ್ಟು ನಾಲ್ಕು ಅಡಿ ಪೈಪ್ ಹಾಕಿ ಎಳೆದರೂ ಅಲುಗಲಿಲ್ಲ. ಮೂರು ದಿನ ತುಕ್ಕಿನೆಣ್ಣೆ ಬಿಟ್ಟು, ಕಡೆಗೆ ಕತ್ತರಿಸಿ ತೆಗೆದು, ಬೋಲ್ಟು ಬುಷ್ ಎರಡೂ ಹೊಸದು ಹಾಕಬೇಕಾಯಿತು. ಅಲೈನ್‌ಮೆಂಟ್ ಮಾಡಲಾಗದ ಕಾರಿಗೆ ಕಾಯಿಲೋವರ್ ಹಾಕಿ ಪ್ರಯೋಜನ ಇಲ್ಲ. ಆ ಬೋಲ್ಟ್‌ಗಳು ತಿರುಗುತ್ತವೆಯೇ ಅಂತ ಮೊದಲು ನೋಡಿ, ಆಮೇಲೆ ಆರ್ಡರ್ ಮಾಡಿ.

1997ರವರೆಗಿನ ಮೊದಲ ತಲೆಮಾರಿನ ಮಿಯಾಟಾ ಇದ್ದವರಿಗೆ ಒಂದು ಒಳ್ಳೆಯ ದಾರಿ ಇದೆ. ಎರಡನೇ ತಲೆಮಾರಿನ ಕಾರಿನ ಮೇಲಿನ ಮೌಂಟ್ ಹಾಕಿದರೆ ಒಂದಿಷ್ಟು ಟ್ರಾವೆಲ್ ಜಾಸ್ತಿ ಸಿಗುತ್ತದೆ.

ಹೆಜ್ಜೆ 8: ಹಾಕುವಾಗ

ಹಳೇ ಸ್ಪ್ರಿಂಗ್ ಬಿಚ್ಚಲು ಸ್ಪ್ರಿಂಗ್ ಕಂಪ್ರೆಸರ್ ಬೇಕು. ಕಂಪ್ರೆಸರ್ ಹಾಕದೆ ಮೇಲಿನ ನಟ್ಟು ಬಿಚ್ಚಬೇಡಿ. ಆ ಸ್ಪ್ರಿಂಗಿನಲ್ಲಿ ಕೈ ಮುರಿಯುವ, ಜೀವ ತೆಗೆಯುವ ಬಲ ಇದೆ. ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ.

ಬಹಳ ಜನ ಬಿಡುವ ಒಂದು ಕೆಲಸ ಇದೆ. ರಬ್ಬರ್ ಬುಷ್ ಇರುವ ಆರ್ಮ್‌ನ ಬೋಲ್ಟ್‌ಗಳನ್ನು ಚಕ್ರ ನೇತಾಡುವಾಗ ಬಿಗಿಯಬಾರದು. ಸಡಿಲ ಬಿಟ್ಟು, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕಾರಿನ ಎತ್ತರದ ಅಳತೆಯೂ ಸುಳ್ಳು ಹೇಳುತ್ತದೆ.

ಎತ್ತರವನ್ನು ಮೊದಲು ನಿಮಗೆ ಬೇಕಾದದ್ದಕ್ಕಿಂತ ಸ್ವಲ್ಪ ಮೇಲೆ ಇಡಿ. ಒಂದು ವಾರ ಓಡಿಸಿ. ಕೇಬಲ್ ಟೈ ನೋಡಿ. ಜಾಗ ಇದ್ದರೆ 5 ಮಿ.ಮೀ. ಇಳಿಸಿ, ಮತ್ತೆ ನೋಡಿ. ಕೊನೆಗೆ ನನ್ನ ಕಾರು ಹಿಂದಿನ ಮಾಲೀಕರು ಇಟ್ಟದ್ದಕ್ಕಿಂತ ಫೆಂಡರ್ ಲೆಕ್ಕದಲ್ಲಿ 20 ಮಿ.ಮೀ. ಮೇಲೆ ನಿಂತಿತು. ಈಗಲೂ ಕಂಪನಿ ಎತ್ತರಕ್ಕಿಂತ ಕೆಳಗೇ ಇದೆ.

ಹೆಜ್ಜೆ 9: ಅಲೈನ್‌ಮೆಂಟ್ ಮತ್ತು ಮೂಲೆಗಳ ತೂಕ

ಎತ್ತರ ಅಂತಿಮ ಆದ ಮೇಲೇ ಅಲೈನ್‌ಮೆಂಟ್‌ಗೆ ಹೋಗಿ, ಆಮೇಲೆ ತಟ್ಟೆ ಮುಟ್ಟಬೇಡಿ. ನಾನು ಕ್ಯಾಂಬರ್ ನಾಲ್ಕೂ ಕಡೆ ಮೈನಸ್ ಒಂದೂವರೆ ಡಿಗ್ರಿ, ಮುಂದೆ ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸೊನ್ನೆ, ಹಿಂದೆ ತುಸು ಒಳಕ್ಕೆ ಇಟ್ಟಿದ್ದೇನೆ. ಟೈರಿನ ಒಳ ಅಂಚು ಬೇಗ ಸವೆದರೆ ಜನ ಕ್ಯಾಂಬರನ್ನು ಬೈಯುತ್ತಾರೆ, ಆದರೆ ಹೆಚ್ಚಾಗಿ ಟೈರು ತಿನ್ನುವುದು ತಪ್ಪಾದ ಟೋ.

ಮೂಲೆಗಳ ತೂಕ ಹೊಂದಿಸುವ ಅಂಗಡಿ ಸಿಕ್ಕರೆ ಬಿಡಬೇಡಿ. ನಾಲ್ಕು ತಕ್ಕಡಿ ಮೇಲೆ ಕಾರು ನಿಲ್ಲಿಸಿ, ಓಡಿಸುವವರ ಸೀಟಿನಲ್ಲಿ ನಿಮ್ಮ ತೂಕ ಇಟ್ಟು, ಆಂಟಿರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ಕಳಚಿ ನೋಡುತ್ತಾರೆ. ಎಡ ಹಿಂದೆ ಮತ್ತು ಬಲ ಮುಂದೆ ಸೇರಿಸಿದರೆ ಒಟ್ಟು ತೂಕದ ಅರ್ಧ ಬರಬೇಕು. ನಾಲ್ಕು ಕಾಲಿನ ಕುರ್ಚಿಯ ಒಂದು ಕಾಲು ಗಿಡ್ಡವಾದರೆ ಹೇಗೆ ಕುಂಟುತ್ತದೋ ಹಾಗೇ ಇದು. ಫೆಂಡರ್ ಎತ್ತರ ಎಲ್ಲ ಕಡೆ ಒಂದೇ ಇದ್ದರೂ ತೂಕ ಓರೆಯಾಗಿರಬಹುದು.

ಹೆಡ್‌ಲೈಟ್ ಎತ್ತರವನ್ನೂ ಸರಿ ಮಾಡಿಸಿ. ಮುಂದೆ ಹಿಂದೆ ಸಮವಾಗಿ ಇಳಿದಿಲ್ಲದಿದ್ದರೆ ಬೆಳಕು ಎದುರಿನವರ ಕಣ್ಣಿಗೋ ಬರೀ ನೆಲಕ್ಕೋ ಬೀಳುತ್ತದೆ.

ಕರ್ನಾಟಕದಲ್ಲಿ ಓಡಿಸುವವರಿಗೆ

ಮೈಸೂರಿನ ಆ ತಮ್ಮನಿಗೆ, ಚಿಕ್ಕಪ್ಪನ ಮಗನಿಗೆ, ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಬೀದಿಯವರೇ ಹಾಕಿಸಿದ ಹಂಪ್ ಯಾವ ಅಳತೆಗೂ ಸಿಗುವುದಿಲ್ಲ. ನಿಮ್ಮ ದಾರಿಯ ಅತಿ ಕೆಟ್ಟ ಹಂಪ್ ಯಾವುದು ಅಂತ ನಿಮಗೇ ಗೊತ್ತಿರುತ್ತದೆ. ಕಾರಿನಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಅದನ್ನು ತಳ ತಾಗದೆ ದಾಟುವ ಎತ್ತರವೇ ನಿಮ್ಮ ಕೊನೆಯ ಗೆರೆ. ಇನ್ನು ಕಾನೂನು: ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟು ನೋಂದಣಿಯಲ್ಲಿ ದಾಖಲಾದ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಒತ್ತಿ ಹೇಳಿತು. ಆದ್ದರಿಂದ ದುಡ್ಡು ಕೊಡುವ ಮುಂಚೆ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ತಮ್ಮ ಕೇಳಿದ. ಕೇಳಿ ಬಂದ ಮೇಲೆ ಕಿಟ್ ವಾಪಸ್ ಕಳಿಸಿ, ಕಂಪನಿ ಸ್ಪ್ರಿಂಗೇ ಇಟ್ಟುಕೊಂಡು ಸವೆದ ಶಾಕ್‌ಗಳ ಜಾಗಕ್ಕೆ ಒಳ್ಳೆಯವು ಹಾಕಿಸಿದ. ಕಾರು ಈಗ ಚೆನ್ನಾಗಿ ಓಡುತ್ತಿದೆ ಅಂತಾನೆ.

ಹೆಜ್ಜೆ 10: ಆಮೇಲಿನ ಆರೈಕೆ

ಮೊದಲ 500 ಮೈಲಿ ಆದ ಮೇಲೆ ತಟ್ಟೆಯ ಲಾಕ್ ರಿಂಗ್, ಮೇಲಿನ ನಟ್ಟು, ಕೆಳಗಿನ ಬೋಲ್ಟು ಇನ್ನೊಂದು ಸಲ ಬಿಗಿ ನೋಡಿ. ಉಪ್ಪು ಹಾಕುವ ಊರಿನಲ್ಲಿ ಇದ್ದರೆ ಅಕ್ಟೋಬರ್ ಕೊನೆಗೆ ಚಕ್ರ ಬಿಚ್ಚಿ, ಥ್ರೆಡ್‌ಗಳನ್ನು ನೈಲಾನ್ ಬ್ರಷ್‌ನಿಂದ ಉಜ್ಜಿ ತೊಳೆದು, ಒಣಗಿದ ಮೇಲೆ ಆಂಟಿಸೀಜ್ ಗ್ರೀಸ್ ಹಚ್ಚಿ. ತಟ್ಟೆ ಎಲ್ಲಿತ್ತು ಅಂತ ಗುರುತು ಹಾಕಿಕೊಂಡು, ಒಂದು ಸುತ್ತು ಮೇಲೆ ಕೆಳಗೆ ತಿರುಗಿಸಿ ಅದೇ ಜಾಗಕ್ಕೆ ತನ್ನಿ. ಏಪ್ರಿಲ್‌ನಲ್ಲಿ ಕೊನೆಯ ಉಪ್ಪು ತೊಳೆದುಹೋದ ಮೇಲೆ ಇನ್ನೊಂದು ಸಲ. ರಾಡಿನ ಮೇಲಿನ ಕೇಬಲ್ ಟೈ ತೆಗೆಯಬೇಡಿ, ಅದು ಅಲ್ಲೇ ಇರಲಿ.